ಕೈ ಕಂಡರೆ ಮುದುರುವ ಪುಟ್ಟ ನಾಯಿಯ ಜೊತೆ

ಓದುವ ಮುಂಚೆ ಒಂದು ಕೆಲಸ ಮಾಡಿ. ನೆಲದ ಮೇಲೆ ಅಂಗಾತ ಮಲಗಿ. ಮನೆಯವರು ಯಾರನ್ನಾದರೂ ಕರೆದು, ನಿಮ್ಮ ಮುಖದ ಮೇಲೆ ಬಗ್ಗಿ ಎರಡೂ ಕೈ ಚಾಚಲು ಹೇಳಿ. ನಾನು ಗಂಡನ ಹತ್ತಿರ ಹಾಗೆ ಮಾಡಿಸಿಕೊಂಡೆ. ಹದಿನೈದು ವರ್ಷದಿಂದ ನೋಡಿದ ಮುಖವೇ ಆದರೂ ನನ್ನ ಕತ್ತು ತಾನಾಗಿ ಭುಜದೊಳಗೆ ಸೇರಿಕೊಂಡಿತು. ಅಷ್ಟು ಹೊತ್ತಿಗೆ ಅತ್ತೆ ಕೋಣೆಗೆ ಬಂದು "ಏನಾಯ್ತೇ?" ಅಂತ ಗಾಬರಿಯಾದರು, ಅದು ಬೇರೆ ಮಾತು.

ನಮ್ಮ ನಾಯಿ ಗೋಲಿಯ ಭುಜದ ಎತ್ತರ 23 ಸೆಂಟಿಮೀಟರ್. ನಾನು 160. ಅಂದರೆ ಏಳು ಪಟ್ಟು. ಮೂರಂತಸ್ತಿನ ಮನೆಯಷ್ಟು ಎತ್ತರದ ಯಾರೋ ಬಂದು, "ಅಯ್ಯೋ ಎಷ್ಟು ಮುದ್ದಾಗಿದೀಯ!" ಅಂತ ಕೂಗಿ, ನನ್ನ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡ ಹಾಗೆ. ದಿನಕ್ಕೆ ಹತ್ತು ಸಲ.

ಗೋಲಿ ನಮ್ಮ ಮನೆಗೆ ಬಂದಾಗ ಅವಳಿಗೆ ಸುಮಾರು ನಾಲ್ಕು ವರ್ಷ, ತೂಕ 3.8 ಕೆಜಿ. ಯಾವ ಜಾತಿ ಅಂತ ಕೇಳಬೇಡಿ. ಮುಖ ಪೊಮೆರೇನಿಯನ್, ಕಾಲು ಡ್ಯಾಶ್‌ಹಂಡ್, ಉಳಿದದ್ದು ದೇವರಿಗೇ ಗೊತ್ತು. ಮೊದಲಿನ ಮನೆಯಲ್ಲಿ ಅವಳನ್ನು ಯಾರೂ ಹೊಡೆದಿರಲಿಲ್ಲ. ಮುದ್ದೇ ಮಾಡಿದ್ದರು. ಬಂದವರೆಲ್ಲ ಎತ್ತಿಕೊಳ್ಳುತ್ತಿದ್ದರು, ಕೈಯಿಂದ ಕೈಗೆ ದಾಟಿಸುತ್ತಿದ್ದರು, ಮಡಿಲಿನಿಂದ ಇಳಿಯಲು ಹೊರಟರೆ ಮತ್ತೆ ಹಿಡಿದು ಕೂರಿಸುತ್ತಿದ್ದರು. ನಮ್ಮ ಬಾಗಿಲು ದಾಟಿದ್ದೇ ತಡ, ಉರುಳಿಕೊಂಡು ಹೋದ ಹಾಗೆ ಮಂಚದಡಿ ಸೇರಿದಳು. ಹೆಸರು ಬಂದದ್ದು ಹಾಗೆ. ಹನ್ನೊಂದು ದಿನ, ಊಟಕ್ಕೆ ಮತ್ತು ಹಿತ್ತಲಿಗೆ ಬಿಟ್ಟರೆ, ಅಲ್ಲಿಂದ ಹೊರಗೆ ಬರಲಿಲ್ಲ.

ದೊಡ್ಡ ನಾಯಿ "ಬೇಡ" ಅಂದರೆ ಜನ ಕೇಳುತ್ತಾರೆ. 30 ಕೆಜಿ ನಾಯಿ ಹಲ್ಲು ತೋರಿಸಿದರೆ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೂರು ಕೆಜಿ ನಾಯಿ ಅದನ್ನೇ ಮಾಡಿದರೆ ನಗುತ್ತಾರೆ, ವಿಡಿಯೋ ಮಾಡುತ್ತಾರೆ, ಆಮೇಲೆ ಎತ್ತಿಕೊಂಡೇ ಬಿಡುತ್ತಾರೆ. ಪುಟ್ಟ ನಾಯಿಯ ಅರ್ಧ ಭಯ ಇಲ್ಲೇ ಹುಟ್ಟುತ್ತದೆ ಅಂತ ನನಗನಿಸುತ್ತದೆ. ತಾನು ಏನು ಹೇಳಿದರೂ ಯಾರೂ ಕೇಳುವುದಿಲ್ಲ ಅಂತ ಅದಕ್ಕೆ ಗೊತ್ತಾಗಿಬಿಟ್ಟಿರುತ್ತದೆ. ಮುಂದೆ ನಾನು ಹೇಳುವುದಕ್ಕೆಲ್ಲ ಬೇರು ಇದೇ: ನಾಯಿ "ಬೇಡ" ಅಂದಾಗ ಕೈ ಹಿಂದಕ್ಕೆ ತೆಗೆಯಿರಿ.

ಎಲ್ಲ ಅಂಜಿಕೆಯೂ ಹೀಗೇ ಬಂದದ್ದು ಅಂತಲ್ಲ. ಹುಟ್ಟಿದ 3ನೇ ವಾರದಿಂದ ಹೆಚ್ಚು ಕಡಿಮೆ 14ನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಗ ಬಗೆಬಗೆಯ ಜನ, ಸದ್ದು, ಕೈಗಳ ಪರಿಚಯ ಆಗದಿದ್ದರೆ ಬೆಳೆದ ಮೇಲೆ ಅಂಜುಬುರುಕ ಆಗಬಹುದು. ಕೆಲವು ಹುಟ್ಟಿನಿಂದಲೇ ಹಾಗೆ. ಕಾರಣ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಡಿ. ಮಾಡಬೇಕಾದದ್ದು ಎಲ್ಲದಕ್ಕೂ ಒಂದೇ.

ಒಂದು ಕಾರಣವನ್ನು ಮಾತ್ರ ಹುಡುಕಲೇಬೇಕು: ನೋವು. ನನ್ನ ಎಡಗೈ ಹತ್ತಿರ ಬಂದರೆ ಗೋಲಿ ತಲೆಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು, ಬಲಗೈಗೆ ಅಷ್ಟಾಗಿ ಇಲ್ಲ. ಕೊಬ್ಬು ಅಂದುಕೊಂಡಿದ್ದೆ. ನಾಯಿ ಡಾಕ್ಟರ್ ನೆಲದ ಮೇಲೇ ಕೂತು, ಟಾರ್ಚ್ ಹಾಕಿ ನೋಡಿದರೆ ಕಿವಿಯೊಳಗೆ ಸೋಂಕು. ಪುಟ್ಟ ಜಾತಿಗಳಲ್ಲಿ ಹಲ್ಲು-ಒಸಡಿನ ತೊಂದರೆ, ಮಂಡಿಚಿಪ್ಪು ಜಾರುವುದು ತುಂಬಾ ಸಾಮಾನ್ಯ. ಉದ್ದ ಬೆನ್ನಿನ ಡ್ಯಾಶ್‌ಹಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ಜಾರುವ ಅಪಾಯ ಹೆಚ್ಚು. ಮೊನ್ನೆ ಮೊನ್ನೆವರೆಗೆ ಆರಾಮಾಗಿ ಎತ್ತಿಸಿಕೊಳ್ಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬೇಡ ಅನ್ನುತ್ತಿದ್ದರೆ ಮೊದಲು ಡಾಕ್ಟರ್, ಆಮೇಲೆ ಉಳಿದದ್ದು. ನೋಯುವ ಜಾಗವನ್ನು ಮುಟ್ಟಿಸಿಕೊಳ್ಳಲು ಯಾವ ತಿಂಡಿ ಕೊಟ್ಟೂ ಕಲಿಸಲು ಆಗುವುದಿಲ್ಲ.

ಇನ್ನು "ಬೇಡ" ಅನ್ನುವುದು ಹೇಗೆ ಕಾಣುತ್ತದೆ? ಗುರ್ ಅನ್ನುವುದು ಕೊನೆಯ ಮಾತು. ಅದಕ್ಕೂ ಮೊದಲು ನಾಯಿ ಹತ್ತಾರು ಸಲ ಮೆಲ್ಲಗೆ ಹೇಳಿರುತ್ತದೆ. ಎದುರಿಗೆ ಊಟ ಇಲ್ಲದಿದ್ದರೂ ನಾಲಿಗೆ ಹೊರಗೆ ಬಂದು ಮೂಗು ನೆಕ್ಕಿ ಒಳಗೆ ಹೋಗುತ್ತದೆ. ನಿದ್ದೆ ಇಲ್ಲದೆಯೂ ಆಕಳಿಸುತ್ತದೆ. ಮುಖ ಆ ಕಡೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಮೇಲಿಟ್ಟಾಗ ಕಣ್ಣಂಚಿನ ಬಿಳಿ ಕಾಣುತ್ತದೆ. ಮುಂಗಾಲು ಒಂದನ್ನು ಮೇಲೆತ್ತಿ ಹಾಗೇ ನಿಲ್ಲುತ್ತದೆ. ನಾರ್ವೆಯ ನಾಯಿ ತರಬೇತಿಗಾರ್ತಿ ತುರಿದ್ ರುಗೋಸ್ ಇಂಥ ಸನ್ನೆಗಳನ್ನು ಜನರ ಗಮನಕ್ಕೆ ತಂದವರಲ್ಲಿ ಒಬ್ಬರು. ನಾನು ಗೋಲಿಯನ್ನು ಫೋನಿನಲ್ಲಿ ಎರಡು ನಿಮಿಷ ಚಿತ್ರಿಸಿ, ನಿಧಾನ ಮಾಡಿ ನೋಡಿದೆ. ನಾನು ಸುಮ್ನೆ ಕೈ ಚಾಚಿದೆ ಅಂದುಕೊಂಡ ಆ ಹೊತ್ತಿನಲ್ಲಿ ಅವಳು ಮೂರು ಸಲ ಮೂಗು ನೆಕ್ಕಿದ್ದಳು. ನನಗೆ ಒಂದೂ ಕಂಡಿರಲಿಲ್ಲ. ನೀವೂ ಹೀಗೆ ಒಂದು ವಿಡಿಯೋ ಮಾಡಿ ನೋಡಿ, ನಾಚಿಕೆ ಆಗುತ್ತದೆ.

ಇವೆಲ್ಲಕ್ಕಿಂತ ಮೋಸ ಹೋಗುವುದು ಕಲ್ಲಾಗಿ ನಿಂತ ನಾಯಿಯ ವಿಷಯದಲ್ಲಿ. ಮಡಿಲಲ್ಲಿ ಅಲ್ಲಾಡದೆ ಕೂತಿದೆ, ಕಿವಿ ಹಿಂದಕ್ಕೆ ಅಂಟಿದೆ, ಬಾಯಿ ಬಿಗಿದಿದೆ. "ನೋಡಿ, ಎಷ್ಟು ಶಾಂತವಾಗಿದೆ" ಅನ್ನುತ್ತಾರೆ. ಅದು ಶಾಂತಿ ಅಲ್ಲ, ಕೈ ಚೆಲ್ಲಿ ಕೂತದ್ದು. "ಹೆದರಿಕೆ ಹೋಗೋವರೆಗೂ ಬಿಗಿಯಾಗಿ ಹಿಡ್ಕೊಳ್ಳಿ" ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ.

ಮೊದಲ ವಾರಗಳಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸ: ಏನೂ ಮಾಡದೆ ಇರುವುದು. ನನ್ನಿಂದ ಆಗಲಿಲ್ಲ. ದಿನಕ್ಕೆ ನಾಲ್ಕು ಸಲ ಮಂಚದಡಿ ಬಗ್ಗಿ "ಗೋಲೀ, ಬಾರೇ ಪುಟ್ಟಾ" ಅಂತ ಗೋಗರೆಯುತ್ತಿದ್ದೆ. ಅತ್ತೆಗೆ ನಾಯಿ ಅಂದರೆ ಅಷ್ಟಕ್ಕಷ್ಟೇ. ಮಧ್ಯಾಹ್ನ ಕೋಣೆಯ ನೆಲದ ಮೇಲೆ ಕಾಲು ಚಾಚಿ, ಒಣಗಿದ ಬಟ್ಟೆ ರಾಶಿ ಹಾಕಿಕೊಂಡು, ಗೋಡೆ ಕಡೆ ಮುಖ ಮಾಡಿ ಮಡಚುತ್ತಾ ಕೂರುತ್ತಿದ್ದರು. ನಾಯಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹನ್ನೆರಡನೇ ದಿನ ಗೋಲಿ ಹೊರಗೆ ಬಂದು ಮೊದಲು ಮೂಸಿದ್ದು ಅವರ ಹಿಮ್ಮಡಿಯನ್ನು. ನನಗೆ ಹೊಟ್ಟೆಕಿಚ್ಚು ಆಯಿತು ಅಂತ ಬರೆಯಲು ಏನೂ ಸಂಕೋಚವಿಲ್ಲ.

ಅತ್ತೆ ಗೊತ್ತಿಲ್ಲದೆ ಮಾಡಿದ್ದೆಲ್ಲ ಸರಿಯಾಗಿತ್ತು. ನೆಲದ ಮಟ್ಟಕ್ಕೆ ಇಳಿದಿದ್ದರು. ಮೈ ಪಕ್ಕಕ್ಕೆ ತಿರುಗಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಕೈ ಚಾಚಲಿಲ್ಲ, ಕರೆಯಲಿಲ್ಲ. ದಿನಾ ಅದೇ ಹೊತ್ತಿಗೆ ಬಂದು ಅದೇ ಹೊತ್ತಿಗೆ ಎದ್ದು ಹೋಗುತ್ತಿದ್ದರು. ನೀವೂ ಏನಾದರೂ ಕೆಲಸ ಹಿಡಿದು ಕೂರಿ. ನಾಯಿ ಬಂದು ಮೂಸಿದರೆ ಮೂಸಲಿ. ಮುಷ್ಟಿ ಮಾಡಿ ಮೂಗಿನ ಹತ್ತಿರ ಹಿಡಿಯುವ ಅಭ್ಯಾಸ ಇದೆಯಲ್ಲ, ಅದೂ ಬೇಡ. ನಿಮ್ಮ ವಾಸನೆ ಅದಕ್ಕೆ ಆ ಮೂಲೆಯಿಂದಲೇ ಸಿಕ್ಕಿರುತ್ತದೆ. ಮತ್ತೆ, ಅಡಗುವ ಜಾಗವನ್ನು ಮುಚ್ಚಬೇಡಿ. ಮಂಚದಡಿ ಇದ್ದಾಗ ಯಾರೂ ಕೈ ಹಾಕಬಾರದು ಅಂತ ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿ.

ತಿಂಡಿಯ ವಿಷಯಕ್ಕೆ ಬರುತ್ತೇನೆ, ಇಲ್ಲೇ ನಾನು ದೊಡ್ಡ ಎಡವಟ್ಟು ಮಾಡಿದ್ದು. ಎರಡನೇ ವಾರ. ಎಡಗೈಯಲ್ಲಿ ಬೇಯಿಸಿದ ಕೋಳಿಯ ಚೂರು ಹಿಡಿದು ಕರೆದೆ. ಅವಳು ಕತ್ತು ಉದ್ದ ಮಾಡಿ, ಹಿಂಗಾಲನ್ನು ಹಿಂದೆಯೇ ಬಿಟ್ಟು, ಅಂಗುಲ ಅಂಗುಲವಾಗಿ ಬಂದಳು. ಬಾಯಿ ಹಾಕಿದ ತಕ್ಷಣ ಬಲಗೈಯಿಂದ ಗಬಕ್ಕನೆ ಹಿಡಿದೆ, ಸ್ನಾನಕ್ಕೆ. ಅವತ್ತಿನಿಂದ ತಿಂಡಿ ಡಬ್ಬಿಯ ಮುಚ್ಚಳ ಟಕ್ ಅಂದರೆ ಸಾಕು, ಮಂಚದಡಿಗೆ ಓಟ. ಕೊನೆಗೆ ಸದ್ದು ಮಾಡದ ಬೇರೆ ಡಬ್ಬಿ ಇಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು.

ತಿಂಡಿ ತೋರಿಸಿ ಹತ್ತಿರ ಕರೆಯಬೇಡಿ. ಆಸೆಗೆ ಬಿದ್ದು ಹತ್ತಿರ ಬರುವ ನಾಯಿ, ತಿಂದು ಮುಗಿದ ಕ್ಷಣ ತಾನು ಎಲ್ಲಿದ್ದೇನೆ ಅಂತ ನೋಡಿ ಇನ್ನೂ ಜಾಸ್ತಿ ಹೆದರುತ್ತದೆ. ಬದಲಿಗೆ ಚೂರನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ಅದು ನಿಮ್ಮಿಂದ ದೂರ ಹೋಗಿ ತಿನ್ನುತ್ತದೆ, ತಿಂದು ತಾನಾಗಿಯೇ ತಿರುಗಿ ನೋಡುತ್ತದೆ, ಒಂದು ಹೆಜ್ಜೆ ಬರುತ್ತದೆ. ಮತ್ತೆ ಹಿಂದಕ್ಕೆ ಎಸೆಯಿರಿ. ತಿಂಡಿಯೂ ಸಿಕ್ಕಿತು, ದೂರವೂ ಸಿಕ್ಕಿತು. ಬರುವುದು ಮಾತ್ರ ಪೂರ್ತಿ ಅದರ ಇಷ್ಟ. ಚೂರು ಬಟಾಣಿಯ ಅರ್ಧದಷ್ಟಿದ್ದರೆ ಸಾಕು. ಇಂಥ ಪುಟ್ಟ ಹೊಟ್ಟೆಗೆ ತಿಂಡಿಯೆಲ್ಲ ಸೇರಿ ದಿನದ ಊಟದ ಹತ್ತನೇ ಒಂದು ಭಾಗ ದಾಟಬಾರದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ ಅಂತ ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ.

ಹೀಗೆ ಮಾಡುತ್ತಾ ಮಾಡುತ್ತಾ ನಾಯಿ ನಿಮ್ಮ ಪಕ್ಕದಲ್ಲಿ ಆರಾಮಾಗಿ ನಿಲ್ಲುವ ದಿನ ಬಂದ ಮೇಲೆ ಕೈ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಜನರಿಗೆ ನೆನಪಿರುವುದು ಮಾತ್ರ, ಊಟದ ಸೂಚನೆಯ ಸದ್ದು ಕೇಳಿ, ಊಟ ಬರುವ ಮುಂಚೆಯೇ ಜೊಲ್ಲು ಸುರಿಸಿದ ಅವರ ನಾಯಿಗಳು. ಅಲ್ಲಿ ಮುಖ್ಯವಾದದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಸದ್ದು ಮೊದಲು ಕೇಳಬೇಕು, ಊಟ ಆಮೇಲೆ ಬರಬೇಕು. ಇಲ್ಲೂ ಅಷ್ಟೇ. ಕೈ ಮೊದಲು, ತಿಂಡಿ ಆಮೇಲೆ. ತಿಂಡಿ ಕೊಟ್ಟು ಆಮೇಲೆ ಮುಟ್ಟಿದರೆ ನಾಯಿ ಕಲಿಯುವ ಪಾಠವೇ ಬೇರೆ: ತಿಂಡಿ ಬಂತು ಅಂದರೆ ಹಿಡಿಯುತ್ತಾರೆ. ನಮ್ಮ ಡಬ್ಬಿಯ ಕಥೆ ಅದೇ.

ಮೊದಲು ಮುಟ್ಟಲೇಬೇಡಿ. ಕೈಯನ್ನು ನಾಯಿಯಿಂದ ಒಂದು ಅಡಿ ದೂರಕ್ಕೆ ತಂದು ಹಿಂದಕ್ಕೆ ತೆಗೆಯಿರಿ, ಆಮೇಲೆ ಇನ್ನೊಂದು ಕೈಯಿಂದ ಚೂರು ಹಾಕಿ. ಐದಾರು ಸಲ, ಎರಡು ನಿಮಿಷ, ಮುಗಿಯಿತು. ಎದ್ದು ಹೋಗಿ. ಸಂಜೆ ಇನ್ನೊಮ್ಮೆ. ಕೈ ಬಂದಾಗ ನಾಯಿ ಮುದುರುವ ಬದಲು "ಎಲ್ಲಿ ನನ್ನ ಚೂರು?" ಅಂತ ಇನ್ನೊಂದು ಕೈ ನೋಡಿದರೆ ಸ್ವಲ್ಪ ಹತ್ತಿರ ಹೋಗಬಹುದು. ಮೂಗು ನೆಕ್ಕಿದರೆ ನೀವು ಅವಸರ ಮಾಡಿದ್ದೀರಿ, ದೂರಕ್ಕೆ ವಾಪಸ್. ಗೋಲಿಗೆ ಒಂದಡಿಯಿಂದ ಒಂದು ಅಂಗುಲಕ್ಕೆ ಬರಲು ಒಂಬತ್ತು ದಿನ ಬೇಕಾಯಿತು.

ಮುಟ್ಟುವುದು ಎಲ್ಲಿ? ತಲೆಯ ಮೇಲಂತೂ ಅಲ್ಲ. ಮೇಲಿನಿಂದ ಇಳಿಯುವ ಕೈ ಅದಕ್ಕೆ ಕೊನೆಯವರೆಗೂ ಕಾಣುವುದಿಲ್ಲ. ಕೈ ಪಕ್ಕದಿಂದ, ಕೆಳಗಿನಿಂದ ಬರಲಿ. ಭುಜದ ಪಕ್ಕ, ಇಲ್ಲವೇ ಎದೆಯ ಮುಂಭಾಗ ಒಳ್ಳೆಯ ಜಾಗ. ಬೆರಳುಗಳ ಹಿಂಭಾಗದಿಂದ ಮೂರು ಸೆಕೆಂಡ್ ಸವರಿ, ಕೈ ತೆಗೆದು ಕಾಯಿರಿ. ಇದನ್ನು ಮರೆಯಲೇಬೇಡಿ. ಮೂರು ಸೆಕೆಂಡ್, ನಿಲ್ಲಿಸಿ, ನೋಡಿ. ನಾಯಿ ಹತ್ತಿರ ಒತ್ತಿಕೊಂಡರೆ ಇನ್ನೊಂದು ಮೂರು ಸೆಕೆಂಡ್. ಸುಮ್ಮನೆ ನಿಂತಿದ್ದರೆ ಅದನ್ನು "ಬೇಡ" ಅಂತಲೇ ತಿಳಿಯಿರಿ.

ಒಂದು ಸಂಜೆ ಹೀಗೇ ಭುಜ ಸವರಿ ಕೈ ತೆಗೆದೆ. ಗೋಲಿ ನನ್ನ ಕೈಯನ್ನೇ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಬೇರೇನೋ ನೆನಪಾದವಳ ಹಾಗೆ ನೆಲ ಮೂಸಿದಳು. ಮುಗಿಯಿತು ಅಂತ ನಾನು ಏಳಲು ಹೊರಟೆ. ಅಷ್ಟರಲ್ಲಿ ಪಕ್ಕಕ್ಕೆ ಅರ್ಧ ಹೆಜ್ಜೆ ಸರಿದು, ತನ್ನ ಪಕ್ಕೆಯನ್ನು ನನ್ನ ಮಂಡಿಗೆ ಆನಿಸಿದಳು. ಭಾರವೇನೂ ಇಲ್ಲ, ಒಂದು ಕರವಸ್ತ್ರ ಬಿದ್ದಷ್ಟು. ಅವಳು ಬಂದು ಐವತ್ತನೇ ದಿನವೋ ಏನೋ ಆಗಿತ್ತು.

ಎತ್ತಿಕೊಳ್ಳುವುದು ಬೇರೆಯೇ ಪಾಠ, ಅವಸರ ಬೇಡ. ಮೊದಲು ಒಂದು ಪದ ಇಟ್ಟುಕೊಳ್ಳಿ. ನಮ್ಮದು "ಎತ್ತಲಾ?" ಪದ ಹೇಳಿ, ಎದೆಯ ಕೆಳಗೆ ಕೈ ತಂದು, ತೆಗೆದು, ಚೂರು ಕೊಡಿ. ಕೆಲವು ದಿನ ಅಷ್ಟೇ. ಆಮೇಲೆ ಎರಡನೇ ಕೈ ಹಿಂಭಾಗದ ಕೆಳಗೆ. ಆಮೇಲೆ ಕಾಲು ನೆಲದಲ್ಲೇ ಇರುವಾಗ ಸ್ವಲ್ಪ ಭಾರ ಮಾತ್ರ ಕೈಗೆ ತೆಗೆದುಕೊಳ್ಳಿ. ಆಮೇಲೆ ಒಂದು ಅಂಗುಲ ಮೇಲೆ, ತಕ್ಷಣ ಕೆಳಗೆ. ನಿಂತುಕೊಂಡು ಎತ್ತುವುದು ಎಲ್ಲಕ್ಕಿಂತ ಕೊನೆಗೆ. ನೀವು ಕೂತಿರುವಾಗ ಮಡಿಲಿಗೆ ಬರುವುದು ರೂಢಿಯಾಗಲಿ.

ಹಿಡಿಯುವ ರೀತಿ ಹೀಗೆ: ಒಂದು ಕೈ ಎದೆಯ ಕೆಳಗೆ, ಬೆರಳು ಮುಂಗಾಲುಗಳ ನಡುವೆ. ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ಬೆನ್ನು ನೆಲಕ್ಕೆ ಸಮ, ಮೈ ನಿಮ್ಮ ಎದೆಗೆ ಒತ್ತಿಕೊಂಡಿರಲಿ. ಕಂಕುಳಲ್ಲಿ ಹಿಡಿದು ಜೋತಾಡಿಸಬೇಡಿ, ಕಾಲು ಗಾಳಿಯಲ್ಲಿ ಆಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಮುಂಗಾಲು ಹಿಡಿದು ಎತ್ತಲೇಬಾರದು. ಇಳಿಸುವಾಗ ನಾಲ್ಕೂ ಪಾದ ನೆಲ ಮುಟ್ಟಿದ ಮೇಲೆ ಕೈ ಬಿಡಿ. ಈ ಪುಟ್ಟ ಜಾತಿಗಳ ಮುಂಗಾಲಿನ ಮೂಳೆ ಎಷ್ಟು ಸಣ್ಣ ಅಂದರೆ, ಕೈಯಿಂದ ಹಾರಿ ಕಾಲು ಮುರಿದುಕೊಳ್ಳುವುದು ಅಪರೂಪವೇನಲ್ಲ.

"ಎತ್ತಲಾ?" ಅಂದಾಗ ಗೋಲಿ ಮುಂಗಾಲನ್ನು ನನ್ನ ಮಂಡಿಗೆ ಇಟ್ಟರೆ ಹೂಂ. ತಲೆ ತಗ್ಗಿಸಿದರೆ, ಒಂದು ಹೆಜ್ಜೆ ಹಿಂದೆ ಹೋದರೆ ಊಹೂಂ. ಊಹೂಂ ಅಂದರೆ ನಾನು ನಿಜವಾಗಿಯೂ ಬಿಟ್ಟುಬಿಡುತ್ತೇನೆ. ಕೇಳಿದ ಮೇಲೆ ಉತ್ತರ ಏನೇ ಬಂದರೂ ಎತ್ತುವುದಾದರೆ ಕೇಳಿದ್ದು ಯಾಕೆ, ಅಲ್ವಾ? ದಾರಿಯಲ್ಲಿ ದೊಡ್ಡ ನಾಯಿ ನುಗ್ಗಿ ಬಂದರೆ ಏನು ಮಾಡುವುದು ಅಂತ ನೀವು ಕೇಳಬಹುದು. ಆಗ ಕೇಳದೆ ಎತ್ತಿ, ಆದರೆ ಆ ಪದ ಮಾತ್ರ ಬಳಸಬೇಡಿ. ಅಂಥ ಹೊತ್ತಿಗೆ ನಮ್ಮಲ್ಲಿ "ಬಂದೆ" ಅಂತ ಬೇರೆ ಪದ ಇದೆ. ಅದು ಪ್ರಶ್ನೆಯಲ್ಲ, ಮುನ್ಸೂಚನೆ.

ಕಿವಿಗೆ ಹನಿ ಹಾಕಬೇಕಿತ್ತಲ್ಲ, ಅದಕ್ಕೆ ಗದ್ದದ ಪಾಠ ಕಲಿಸಿದೆ. ಮಂಡಿಯ ಮೇಲೆ ಮಡಚಿದ ಟವೆಲ್ ಇಟ್ಟೆ. ಅದರ ಮೇಲೆ ಗದ್ದ ಇಟ್ಟರೆ ಚೂರು. ಗದ್ದ ಅಲ್ಲೇ ಇರುವವರೆಗೆ ನಾನು ಕಿವಿ ಮುಟ್ಟಬಹುದು. ಗದ್ದ ಎತ್ತಿದರೆ ನನ್ನ ಕೈ ಆ ಕ್ಷಣವೇ ದೂರ. ಮೊದಲ ದಿನ ಹತ್ತು ಸಲ ಎತ್ತಿದಳು, ನಾನು ಹತ್ತು ಸಲವೂ ನಿಲ್ಲಿಸಿದೆ. ಈ ಕೈಯನ್ನು ನಿಲ್ಲಿಸುವ ಗುಂಡಿ ತನ್ನ ಗದ್ದದಲ್ಲೇ ಇದೆ ಅಂತ ಗೊತ್ತಾದ ಮೇಲೆ ಎತ್ತುವುದೇ ಕಡಿಮೆಯಾಯಿತು. ಪಾಠ ಕೂಡಿಬರುವವರೆಗೆ ಡಾಕ್ಟರ್ ಹೇಳಿದ ಔಷಧಿ ನಿಲ್ಲಿಸಲು ಆಗುವುದಿಲ್ಲ, ಅದನ್ನು ಗಂಡ ಬೇರೆ ಕೋಣೆಯಲ್ಲಿ, ಬೇರೆ ಟವೆಲಿನಲ್ಲಿ, ಬೇಗ ಮುಗಿಸುತ್ತಿದ್ದರು. ಪಾಠದ ಜಾಗಕ್ಕೆ ಆ ನೆನಪು ಅಂಟದಿರಲಿ ಅಂತ.

ಉಗುರು ಕೂಡ ಇದೇ ರೀತಿ, ದಿನಕ್ಕೆ ಒಂದೇ ಉಗುರು ಅಂದರೂ ನಷ್ಟವಿಲ್ಲ. ಕತ್ತಿನ ಬೆಲ್ಟಿಗೆ ಹಗ್ಗ ಹಾಕಿ ಎಳೆಯುವ ಬದಲು ಎದೆ ಸುತ್ತ ಕಟ್ಟುವ ಪಟ್ಟಿ, ಅಂದರೆ ಹಾರ್ನೆಸ್ ಬಳಸಿ, ಪುಟ್ಟ ನಾಯಿಗಳ ಶ್ವಾಸನಾಳ ಮೆತ್ತಗಿರುತ್ತದೆ. ತಲೆಯ ಮೇಲಿನಿಂದ ತೂರಿಸುವಂಥದ್ದು ಬೇಡ, ಪಕ್ಕದಲ್ಲಿ ಕ್ಲಿಪ್ ಇರುವುದು ನೋಡಿ.

ನೆಂಟರು ಇನ್ನೊಂದು ತಲೆನೋವು. "ಅವಳು ಹೆದರ್ತಾಳೆ, ಮುಟ್ಟಬೇಡಿ" ಅಂದರೆ, "ನನ್ನ ಹತ್ರ ಎಲ್ಲಾ ನಾಯಿನೂ ಬರುತ್ತೆ ಬಿಡಿ" ಅನ್ನುತ್ತಾ ಬಗ್ಗಿಯೇ ಬಿಡುತ್ತಾರೆ. ಈಗ ನಾನು "ಅವಳಿಗೆ ಮೈಯೆಲ್ಲ ಕಜ್ಜಿ, ಔಷಧಿ ಹಚ್ಚಿದ್ದೀವಿ" ಅನ್ನುತ್ತೇನೆ. ಎಲ್ಲರೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಮಕ್ಕಳೇ ವಾಸಿ, ಕೆಲಸ ಕೊಟ್ಟರೆ ಮಾಡುತ್ತಾರೆ. ಅಕ್ಕನ ಮಗನಿಗೆ ಎಂಟು ವರ್ಷ. "ಚಿಕ್ಕಮ್ಮಾ, ಅದು ನನ್ನ ಹತ್ರ ಯಾಕೆ ಬರಲ್ಲ?" ಅಂತ ಮುಖ ಸಣ್ಣ ಮಾಡಿಕೊಂಡ. ಅವನ ಕೈಗೆ ಇಪ್ಪತ್ತು ಚೂರು ಕೊಟ್ಟು, "ನೆಲದ ಮೇಲೆ ಕೂತು ಒಂದೊಂದೇ ಅವಳ ಹಿಂದಕ್ಕೆ ಎಸಿ, ಎಣಿಸ್ತಾ ಇರು, ಮುಟ್ಟಬೇಡ" ಅಂದೆ. ಹದಿನೇಳಕ್ಕೆ ಬಂದಾಗ ಅವಳು ಅವನ ಕಾಲ್ಬೆರಳು ಮೂಸುತ್ತಿದ್ದಳು. ಅವನು ಉಸಿರು ಬಿಗಿಹಿಡಿದು "ಚಿಕ್ಕಮ್ಮಾ, ಹದಿನೇಳು" ಅಂತ ಪಿಸುಗುಟ್ಟಿದ. ಆದರೂ ಮಗುವನ್ನೂ ನಾಯಿಯನ್ನೂ ಅವರಷ್ಟಕ್ಕೆ ಬಿಟ್ಟು ನಾನು ಎದ್ದು ಹೋಗುವುದಿಲ್ಲ.

ಗುರ್ ಅಂದರೆ ಬೈಯಬೇಡಿ. ಬೈದರೆ ಗುರ್ ಹೋಗುತ್ತದೆ, ಭಯ ಹೋಗುವುದಿಲ್ಲ. ಮುಂದಿನ ಸಲ ಹೇಳದೆ ಕೇಳದೆ ಹಲ್ಲು ಬರುತ್ತದೆ. ಹಲ್ಲು ತಾಗಿ ಚರ್ಮ ಗೀರಿದರೆ, ನಾಯಿ ಎಷ್ಟೇ ಪುಟ್ಟದಿರಲಿ, ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಹೆದರಿ ನಿಮ್ಮ ಹತ್ತಿರ ಓಡಿ ಬಂದ ನಾಯಿಗೆ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಮಾಡಿ. ಹಿಂದೆ ಬೀಳುವ ದಿನಗಳೂ ಇರುತ್ತವೆ. ಬೆಳಿಗ್ಗೆ ಗುಡುಗು, ಮಧ್ಯಾಹ್ನ ಹೊಸ ಮನುಷ್ಯ, ಸಂಜೆ ಮಿಕ್ಸಿ ಸದ್ದು, ಇವೆಲ್ಲ ಒಂದರ ಮೇಲೊಂದು ಪೇರಿಸಿಕೊಂಡ ದಿನ ನಿನ್ನೆ ಬಂದ ಪಾಠವೂ ಬರುವುದಿಲ್ಲ. ಒಂದೆರಡು ದಿನ ಪಾಠಕ್ಕೆ ರಜೆ ಕೊಡಿ. ಎರಡು ಮೂರು ತಿಂಗಳು ಹೀಗೆ ಮಾಡಿದರೂ ನಾಯಿ ಊಟ ಬಿಡುವಷ್ಟು, ನಡುಗುವಷ್ಟು ಹೆದರುತ್ತಿದ್ದರೆ ಡಾಕ್ಟರ್‌ಗೆ ಹೇಳಿ, ಆತಂಕಕ್ಕೆ ಔಷಧಿ ಇದೆ. ಅದರಲ್ಲಿ ಸೋಲೇನೂ ಇಲ್ಲ.

ಗೋಲಿ ಬಂದು ಈಗ ಎರಡು ವರ್ಷ. ಎಡ ಹಿಂಗಾಲನ್ನು ಇವತ್ತಿಗೂ ಮುಟ್ಟಲು ಬಿಡುವುದಿಲ್ಲ, ಅದರ ಉಗುರನ್ನು ಒರಟು ಹಲಗೆ ಕೆರೆಸಿ ಸವೆಸುತ್ತೇವೆ. ಅತ್ತೆ ಬಟ್ಟೆ ಮಡಚಲು ಕೂತರೆ ಮಡಚಿಟ್ಟ ಸೀರೆಯ ಮೇಲೇ ಹೋಗಿ ಕೂರುತ್ತಾಳೆ, "ಏಳೇ ಹಾಳಾದವಳೇ" ಅನ್ನಿಸಿಕೊಳ್ಳುತ್ತಾಳೆ, ಏಳುವುದಿಲ್ಲ. ನಿನ್ನೆ ರಾತ್ರಿ ಸೋಫಾ ಪಕ್ಕ ಕೂತು "ಎತ್ತಲಾ?" ಅಂದೆ. ನನ್ನ ಮುಖ ನೋಡಿದಳು, ದೊಡ್ಡದಾಗಿ ಆಕಳಿಸಿದಳು, ತಿರುಗಿ ತನ್ನ ಹಾಸಿಗೆಗೆ ಹೋಗಿ ಮಲಗಿದಳು. ನಾನು ದೀಪ ಆರಿಸಿದೆ.